ಕಾಲಿನ ಬಾವು ಯಾರ ಲೆಕ್ಕಕ್ಕೆ?

ಒಬ್ಬ ರೋಗಿಯ ಎಲ್ಲ ಚೀಟಿಗಳೂ ಒಟ್ಟಿಗೆ ಬಂದು ಬೀಳುವ ಜಾಗ ಯಾವುದೆಂದು ಕೇಳಿದರೆ, ಮೆಡಿಕಲ್ ಅಂಗಡಿಯ ಕೌಂಟರು ಎನ್ನುತ್ತೇನೆ. ದಾವಣಗೆರೆಯಲ್ಲಿ ಅಂಗಡಿ ಇಟ್ಟುಕೊಂಡು ಕೂದಲು ನರೆತವನ ಮಾತಿದು. ಮೂಳೆ ಡಾಕ್ಟರು ಬರೆದದ್ದು, ಹೃದಯದ ಡಾಕ್ಟರು ಬರೆದದ್ದು, ಹಳ್ಳಿಯ ಡಾಕ್ಟರು ಹಾಳೆಯ ತುಂಡಿನಲ್ಲಿ ಗೀಚಿಕೊಟ್ಟದ್ದು, ‘ಇದರಿಂದ ನನಗೆ ಆರಾಮಾಯಿತು’ ಎಂದು ಪಕ್ಕದ ಮನೆಯವರು ಕೊಟ್ಟ ಖಾಲಿ ಸ್ಟ್ರಿಪ್ಪು, ಎಲ್ಲವೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರುತ್ತವೆ. ಆದರೆ ಒಂದು ಚೀಟಿಗೆ ಇನ್ನೊಂದರ ಪರಿಚಯ ಇರುವುದಿಲ್ಲ.

1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಈ ಊರು ಸುತ್ತಲಿನವರಿಗೆಲ್ಲ ಆಸ್ಪತ್ರೆಯ ಊರಾಯಿತು. ಜಗಳೂರು, ಹರಪನಹಳ್ಳಿ, ಚನ್ನಗಿರಿ, ರಾಣೆಬೆನ್ನೂರು, ಅತ್ತ ಚಿತ್ರದುರ್ಗ, ಚಳ್ಳಕೆರೆಯ ಕಡೆಯಿಂದಲೂ ಬೆಳಗಿನ ಬಸ್ಸಿಗೆ ಫೈಲು ಹಿಡಿದುಕೊಂಡು ಜನ ಬಂದಿಳಿಯುತ್ತಾರೆ. ಬೆಣ್ಣೆ ದೋಸೆಗೆಂದು ಬರುವವರಿಗಿಂತ ಇವರ ಸಂಖ್ಯೆಯೇ ಹೆಚ್ಚಿರಬೇಕೆಂದು ನನ್ನ ಗುಮಾನಿ, ಹೋಟೆಲಿನವರು ಒಪ್ಪಲಿಕ್ಕಿಲ್ಲ.

ಕೆಲವು ವರ್ಷಗಳಿಂದ ನನ್ನ ಗಮನವೆಲ್ಲ ಒಂದು ಬಗೆಯ ರೋಗಿಗಳ ಮೇಲೆ ನೆಟ್ಟಿದೆ: ರುಮಟಾಯ್ಡ್ ಸಂಧಿವಾತ, ಅಂದರೆ ಮೈಯ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬಿದ್ದು ಉರಿ, ಬಾವು (ಉರಿಯೂತ) ತರುವ ಕಾಯಿಲೆ ಇದ್ದು, ಮುಂದೆ ಹೃದಯವೂ ಸೋಲುವವರು. ಹೃದಯ ಸೋಲುವುದೆಂದರೆ, ಡಾಕ್ಟರರ ಮಾತಿನಲ್ಲಿ ಹೃದಯ ವೈಫಲ್ಯವೆಂದರೆ, ಹೃದಯಾಘಾತವಲ್ಲ. ಎದೆ ಹಿಡಿದುಕೊಂಡು ಬೀಳುವ ನಾಟಕೀಯತೆ ಇದಕ್ಕಿಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ಹೃದಯ ಸಲೀಸಾಗಿ ತಳ್ಳಲಾರದೆ ಹೋಗುತ್ತದೆ. ನೀರು ಕಾಲಿನಲ್ಲಿ, ಹೊಟ್ಟೆಯಲ್ಲಿ, ಶ್ವಾಸಕೋಶದಲ್ಲಿ ನಿಲ್ಲತೊಡಗುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ನಡೆಯುವ ಕೆಲಸವಿದು. ಸಂಧಿವಾತ ಇರುವವರಲ್ಲಿ ಇದು ನಡೆಯುತ್ತಿರುವುದೇ ಯಾರಿಗೂ ತಿಳಿಯುವುದಿಲ್ಲ ಎಂಬುದು ನನ್ನ ತಕರಾರು.

ಒಬ್ಬ ತಾಯಿಯ ಉದಾಹರಣೆ ಹೇಳುತ್ತೇನೆ. ಊರು ಕೇರಿ ಬೇಡ, ಅವರು ಓದಿದರೆ ಗುರುತು ಸಿಗದಿರಲಿ. ಐವತ್ತು ದಾಟಿದವರು. ಬೆರಳುಗಳು ಹೊರಮಗ್ಗುಲಿಗೆ ವಾಲಿದ್ದವು, ಮಣಿಕಟ್ಟು ಗಂಟುಗಂಟಾಗಿತ್ತು. ಮೊದಮೊದಲು ಅವರೇ ಅಂಗಡಿಗೆ ಬಂದು, ‘ತಮ್ಮಾ, ಗುಳಿಗೆ ಕೊಡಪ್ಪಾ’ ಎನ್ನುತ್ತಿದ್ದರು. ಆಮೇಲೆ ಆಟೋದಲ್ಲಿ ಕುಳಿತು ಮಗನನ್ನು ಕಳುಹಿಸತೊಡಗಿದರು. ಕೊನೆಗೆ ಮಗನೊಬ್ಬನೇ ಬರುವಂತಾಯಿತು. ಅವನನ್ನು ವಿಚಾರಿಸಿದಾಗಲೆಲ್ಲ ಒಂದೊಂದೇ ಸಂಗತಿ ಹೊರಬೀಳುತ್ತಿತ್ತು, ಜೊತೆಗೆ ಅದಕ್ಕೆ ಅವನದೇ ಕಾರಣವೂ. ಅವ್ವನ ಕಾಲು ಬಾತಿದೆ, ಸಂಜೆ ಹೊತ್ತಿಗೆ ಚಪ್ಪಲಿ ಹಿಡಿಸುವುದಿಲ್ಲ. ವಾಯುವಿನ ಬಾವು, ಬಿಡಿ. ಬಹಳ ಸುಸ್ತು. ರಕ್ತ ಕಡಿಮೆ ಎಂದಿದ್ದಾರಲ್ಲ, ಅದಕ್ಕೆ. ರಾತ್ರಿ ಮಲಗುವುದಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ. ಕುತ್ತಿಗೆ ನೋವು ಸರ್, ಮಲಗಿದರೆ ಹಿಡಿಯುತ್ತದೆ. ಮೇಲೆ ಒಣಕೆಮ್ಮು ಬೇರೆ. ಶೇಂಗಾ ಸುಗ್ಗಿಯ ಧೂಳು.

ಇವುಗಳಲ್ಲಿ ಒಂದೂ ದಡ್ಡತನದ ಉತ್ತರವಲ್ಲ ಎಂಬುದನ್ನು ಗಮನಿಸಬೇಕು. ಸಂಧಿವಾತದಲ್ಲಿ ಕಣಕಾಲು ಬಾಯುತ್ತದೆ. ಉರಿಯೂತ ಇರುವವರಿಗೆ ರಕ್ತಹೀನತೆ ಬರುತ್ತದೆ. ಕುತ್ತಿಗೆಯ ಮೇಲಿನ ಮೂಳೆಗಳ ಕೀಲುಗಳನ್ನೂ ಈ ಕಾಯಿಲೆ ಬಿಡುವುದಿಲ್ಲ. ಆದರೆ ಕಾಲುಬಾವು, ಸುಸ್ತು, ಅಂಗಾತ ಮಲಗಲಾಗದಿರುವುದು, ರಾತ್ರಿಯ ಕೆಮ್ಮು ಇವೇ ಹೃದಯ ವೈಫಲ್ಯದ ಲಕ್ಷಣಗಳು ಕೂಡ. ಹಳೆಯ ಕಾಯಿಲೆ ಮನೆಯ ಯಜಮಾನನಾಗಿ ಕೂತಿರುವಾಗ ಹೊಸದನ್ನು ಯಾರು ವಿಚಾರಿಸುತ್ತಾರೆ?

ಉಳಿದದ್ದು ಏದುಸಿರು. ‘ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತದೆಯೇ?’ ಎಂದು ಡಾಕ್ಟರು ಕೇಳುತ್ತಾರೆ. ಮಂಡಿನೋವಿಗೆ ಹೆದರಿ ಮೆಟ್ಟಿಲು ಹತ್ತುವುದನ್ನೇ ಬಿಟ್ಟವರು ‘ಇಲ್ಲ’ ಎನ್ನುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ ಓಡಾಡುವವರಿಗೆ ಹೃದಯದ ಶಕ್ತಿ ಎಷ್ಟಿದೆಯೆಂದು ಪರೀಕ್ಷಿಸುವ ಸಂದರ್ಭವೇ ಬರುವುದಿಲ್ಲ. ಆ ತಾಯಿಗೆ ಒಂದು ರಾತ್ರಿ ಕುಳಿತರೂ ಉಸಿರು ಸಾಲದೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಎದೆಯ ಎಕ್ಸ್‌-ರೇ ತುಂಬ ನೀರು.

ಇದು ನನ್ನ ಕೌಂಟರಿನ ಊಹೆ ಮಾತ್ರವಲ್ಲ. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರಿನಲ್ಲಿ ಊರಿನ ಜನರ ವೈದ್ಯಕೀಯ ದಾಖಲೆಗಳನ್ನು ದಶಕಗಳ ಕಾಲ ಜೋಡಿಸಿಟ್ಟಿದ್ದಾರೆ. ಅವುಗಳನ್ನು ಆಧರಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 30 ವರ್ಷಗಳ ಅವಧಿಯಲ್ಲಿ ಸಂಧಿವಾತ ಇದ್ದವರಲ್ಲಿ ನೂರಕ್ಕೆ 34 ಮಂದಿಗೆ, ಇಲ್ಲದವರಲ್ಲಿ 25 ಮಂದಿಗೆ ಹೃದಯ ವೈಫಲ್ಯ ಬಂದಿತ್ತು. ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹಳೆಯ ಹೃದ್ರೋಗ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಪಾಯ ಹೆಚ್ಚುಕಡಿಮೆ ಇಮ್ಮಡಿ. ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಇದ್ದವರಿಗೆ ಇನ್ನೂ ಹೆಚ್ಚು. ನನ್ನ ತಲೆ ಕೆಡಿಸಿದ್ದು ಅದೇ ಊರಿನಿಂದ 2008ರಲ್ಲಿ ಬಂದ ಮತ್ತೊಂದು ವರದಿ. ಸಂಧಿವಾತ ಇದ್ದವರಲ್ಲಿ ಹೃದಯ ವೈಫಲ್ಯದ ಮಾಮೂಲಿ ಲಕ್ಷಣಗಳೇ ಕಡಿಮೆ ಕಂಡವು. ಅವರ ಮೈಯಲ್ಲಿ ಬೊಜ್ಜು ಕಡಿಮೆ, ಬಿಪಿ ಕಡಿಮೆ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಪಂಪಿನ ಶಕ್ತಿ ಸರಿಯಾಗಿಯೇ ಇದ್ದವರು ಜಾಸ್ತಿ. ಆದರೂ ರೋಗ ಪತ್ತೆಯಾದ ಒಂದು ವರ್ಷದೊಳಗೆ ತೀರಿಕೊಂಡವರು ಅವರಲ್ಲಿ ನೂರಕ್ಕೆ 35, ಉಳಿದ ಹೃದಯ ವೈಫಲ್ಯದ ರೋಗಿಗಳಲ್ಲಿ 19. ಲಕ್ಷಣ ಕಡಿಮೆ, ಸಾವು ಹೆಚ್ಚು.

ಎಕೋ ಸರಿಯಿದ್ದೂ ಹೃದಯ ಸೋಲುವುದು ಹೇಗೆ ಎಂಬ ಪ್ರಶ್ನೆಯನ್ನು ಕೌಂಟರಿನಲ್ಲಿ ದಿನವೂ ಕೇಳುತ್ತಾರೆ. ವರದಿಯಲ್ಲಿ ‘ಇಎಫ್’ ಎಂಬ ಅಂಕಿ ಇರುತ್ತದೆ. ಒಂದು ಬಡಿತಕ್ಕೆ ಹೃದಯದ ಎಡ ಕೋಣೆ ತನ್ನಲ್ಲಿರುವ ರಕ್ತದ ಶೇಕಡಾ ಎಷ್ಟನ್ನು ಹೊರಗೆ ತಳ್ಳಿತು ಎಂಬ ಲೆಕ್ಕ ಅದು. 60 ಎಂದಿದ್ದರೆ ಮನೆಮಂದಿ ನಿರಾಳ. ಆದರೆ ತಳ್ಳುವುದಕ್ಕೆ ಮೊದಲು ಕೋಣೆ ಸಡಿಲಗೊಂಡು ತುಂಬಿಕೊಳ್ಳಬೇಕಲ್ಲ? ವರ್ಷಗಟ್ಟಲೆ ಬಿಸಿಲಿಗೆ ಬಿದ್ದು ಗಡಸಾದ ಸೈಕಲ್ ಟ್ಯೂಬಿನಂತೆ ಹೃದಯದ ಗೋಡೆ ಹಿಗ್ಗುವುದನ್ನು ಮರೆತರೆ, ಒಳಗೆ ಬರಬೇಕಾದ ರಕ್ತ ಹಿಂದಕ್ಕೆ ಒತ್ತುತ್ತದೆ, ಶ್ವಾಸಕೋಶಕ್ಕೆ ನೀರು ಇಳಿಯುತ್ತದೆ. ತುಂಬಿದ್ದೇ ಸ್ವಲ್ಪವಾದರೂ ಅದರಲ್ಲಿ 60 ಭಾಗ ತಳ್ಳಿದರೆ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಕೀಲಿನ ಪೊರೆಯನ್ನು ಸುಡುವ ಉರಿಯೂತ ರಕ್ತದ ಜೊತೆ ಎಲ್ಲೆಡೆ ಹರಿಯುವುದರಿಂದ ಹೃದಯದ ಸಣ್ಣ ರಕ್ತನಾಳಗಳ ಒಳಪದರವೂ ಕೆಡುತ್ತದೆ, ಸ್ನಾಯುವಿನ ಎಳೆಗಳ ನಡುವೆ ನಾರು ಬೆಳೆಯುತ್ತದೆ. ಅದಕ್ಕೇ ಎಕೋ ವರದಿಯಲ್ಲಿ ಇಎಫ್ ಒಂದನ್ನೇ ನೋಡಿ ಮಡಚಿಡಬೇಡಿ. ಹೃದಯ ಸಡಿಲಗೊಳ್ಳುವ ಬಗ್ಗೆ ಏನು ಬರೆದಿದ್ದಾರೆಂದು ಡಾಕ್ಟರನ್ನು ಕೇಳಿ. ಎನ್‌ಟಿ-ಪ್ರೊಬಿಎನ್‌ಪಿ ಎಂಬ ರಕ್ತಪರೀಕ್ಷೆಯೂ ಇದೆ, ಹೃದಯದ ಮೇಲೆ ಒತ್ತಡ ಬಿದ್ದರೆ ಅದರ ಅಂಕಿ ಏರುತ್ತದೆ. ಉರಿಯೂತದಿಂದಲೂ ಅದು ಒಂದಿಷ್ಟು ಏರಬಹುದು, ಆದರೆ ಅನುಮಾನವಿದ್ದಾಗ ದಾರಿ ತೋರಿಸುತ್ತದೆ.

ಕೊಲೆಸ್ಟರಾಲ್ ವಿಷಯ ಇನ್ನೂ ವಿಚಿತ್ರ. ಉರಿಯೂತ ಜೋರಾಗಿರುವಾಗ ಕೊಲೆಸ್ಟರಾಲ್ ಇಳಿದಿರುತ್ತದೆ, ಹೃದಯದ ಅಪಾಯ ಮಾತ್ರ ಏರಿರುತ್ತದೆ. ‘ಲಿಪಿಡ್ ರಿಪೋರ್ಟು ನಾರ್ಮಲ್’ ಎಂಬುದು ಇವರಿಗೆ ಅಷ್ಟೇನೂ ಸಮಾಧಾನದ ಮಾತಲ್ಲ. ಹೃದಯದ ಅಪಾಯದ ಮಾಮೂಲಿ ಲೆಕ್ಕಾಚಾರದಲ್ಲಿ ಬಂದ ಅಂಕಿಯನ್ನು ಸಂಧಿವಾತದವರಿಗೆ ಒಂದೂವರೆಯಿಂದ ಗುಣಿಸಿ ಎಂದು ಯುರೋಪಿನ ಕೀಲುರೋಗ ತಜ್ಞರ ಸಂಘ ಹೇಳುವುದು ಇದೇ ಕಾರಣಕ್ಕೆ.

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಸಿಟ್ಟಿನಿಂದಲೇ. ನಮ್ಮ ಭಾಗದಲ್ಲಿ ಕೀಲುನೋವಿಗೆ ಸಿದ್ಧ ಕಾರಣಗಳು ಬೇಕಾದಷ್ಟಿವೆ. 2006ರಲ್ಲಿ ಚಿಕುನ್‌ಗುನ್ಯ ಬಂದು ಹಳ್ಳಿಗೆ ಹಳ್ಳಿಯೇ ಕುಂಟಿತು. ಇಂದಿಗೂ ಗಂಟುನೋವೆಂದರೆ ‘ಅದು ಆಗಿನದ್ದು, ಇನ್ನೂ ಹೋಗಿಲ್ಲ’ ಎನ್ನುವವರಿದ್ದಾರೆ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ, ಅದೂ ಬೆನ್ನು ಕೀಲುಗಳನ್ನು ಬಿಗಿಯುತ್ತದೆ. ಹೀಗಾಗಿ ಎರಡೂ ಕೈಗಳ ಸಣ್ಣ ಕೀಲುಗಳು ಬಾತು, ಬೆಳಿಗ್ಗೆ ಎದ್ದು ಗಂಟೆಯಾದರೂ ಮುಷ್ಟಿ ಕಟ್ಟಲಾಗದ ಹೆಣ್ಣುಮಗಳು ಕೂಡ ರಕ್ತಪರೀಕ್ಷೆಗೆ ಹೋಗುವ ಮೊದಲು ವರ್ಷಗಟ್ಟಲೆ ನೋವಿನ ಗುಳಿಗೆ ನುಂಗಿರುತ್ತಾಳೆ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಹೆಂಗಸರ ನೋವಿಗೆ ನಮ್ಮ ಮನೆಗಳಲ್ಲಿ ಸಿಗುವ ಮೊದಲ ಚಿಕಿತ್ಸೆ ‘ಒಂದು ಗುಳಿಗೆ ತಗೊಂಡು ಮಲಗು’ ಎಂಬುದು.

ಆ ಗುಳಿಗೆ ಯಾವುದು? ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಎಟೊರಿಕಾಕ್ಸಿಬ್. ಇವು ಚೀಟಿಯಿಲ್ಲದೆ ಕೊಡಬಾರದ ಔಷಧಗಳು. ಎಲ್ಲೆಲ್ಲಿ ಕಡಲೆಪುರಿಯಷ್ಟು ಸಲೀಸಾಗಿ ಕೊಡುತ್ತಾರೆಂಬುದು ಓದುಗರಿಗೂ ಗೊತ್ತು. ನೋವು ಹುಟ್ಟಿಸುವ ರಾಸಾಯನಿಕವನ್ನು ಇವು ತಡೆಯುತ್ತವೆ. ಆದರೆ ಮೂತ್ರಪಿಂಡಕ್ಕೆ ಉಪ್ಪು, ನೀರು ಹೊರಹಾಕಲು ಅದೇ ರಾಸಾಯನಿಕದ ನೆರವು ಬೇಕು. ಅದು ನಿಂತರೆ ಉಪ್ಪು ಮೈಯಲ್ಲೇ ಉಳಿಯುತ್ತದೆ, ಉಪ್ಪಿನ ಹಿಂದೆ ನೀರು. ಗಟ್ಟಿ ಹೃದಯ ಇದನ್ನು ಸಹಿಸಿಕೊಳ್ಳುತ್ತದೆ, ಆಗಲೇ ಏದುತ್ತಿರುವ ಹೃದಯ ಸಹಿಸುವುದಿಲ್ಲ. ಹೃದಯದ ಡಾಕ್ಟರು ಬರೆದ ಫ್ಯುರೋಸೆಮೈಡ್ ನೀರನ್ನು ಹೊರಗೆ ಕಳುಹಿಸಲು ಹೆಣಗುತ್ತಿರುವಾಗ ಮೂಳೆ ಡಾಕ್ಟರ ಗುಳಿಗೆ ಅದೇ ನೀರನ್ನು ಹಿಡಿದಿಡುತ್ತದೆ. ಬಿಪಿಗೆ, ಹೃದಯಕ್ಕೆ ಕೊಡುವ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಕೂಡ ಜೊತೆಗಿದ್ದರೆ ಮೂರೂ ಸೇರಿ ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಮೂರನ್ನೂ ಒಂದೇ ಬಿಲ್ಲಿನಲ್ಲಿ ಹೊಡೆಯುವುದು ಎಷ್ಟು ಸುಲಭವೆಂದರೆ, ಕಂಪ್ಯೂಟರ್ ಚಕಾರ ಎತ್ತುವುದಿಲ್ಲ. ಈ ಜಾತಿಯ ಔಷಧಗಳಲ್ಲಿ ರೋಫೆಕಾಕ್ಸಿಬ್ ಎಂಬುದನ್ನು ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಕಂಡುಬಂದದ್ದರಿಂದ 2004ರ ಸೆಪ್ಟೆಂಬರಿನಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಂಡರು. ಅಂಗಡಿಗಳ ಕಪಾಟಿನಿಂದ ಅದು ಹೋಯಿತು, ಅದರ ನೆಂಟರು ಉಳಿದರು.

ಇನ್ನು ಪುಡಿ ಕಟ್ಟಿಕೊಡುವವರಿದ್ದಾರೆ. ‘ಗಿಡಮೂಲಿಕೆ’ ಎಂದು ಕೊಟ್ಟ ಪೊಟ್ಟಣ ತಿಂದು ಎರಡೇ ದಿನಕ್ಕೆ ನೋವೆಲ್ಲ ಮಾಯವಾಗಿ, ತಿಂಗಳಲ್ಲಿ ಮುಖ ದುಂಡಗಾದರೆ, ಒಳಗೆ ಸ್ಟೀರಾಯ್ಡ್ ಬೆರೆಸಿರಬಹುದೆಂದು ಅನುಮಾನ ಪಡಲೇಬೇಕು. ಅದೂ ಉಪ್ಪು ನೀರು ಹಿಡಿದಿಡುವ ಔಷಧವೇ. ಡಾಕ್ಟರು ಅಳೆದು ಬರೆದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬೇರೆ ಮಾತು. ಆದರೆ ಯಾವ ಸ್ಟೀರಾಯ್ಡನ್ನೂ ಬಹಳ ದಿನ ತೆಗೆದುಕೊಂಡು ದಿಢೀರನೆ ನಿಲ್ಲಿಸಬಾರದು. ಪುಡಿಯನ್ನು ಬಿಡುವುದಕ್ಕೂ ಡಾಕ್ಟರ ಬಳಿ ಹೋಗಿಯೇ ಬಿಡಬೇಕು.

ಇದರ ಎದುರಿಗೆ, ನಿಜವಾಗಿ ಬೆಂಕಿ ಆರಿಸುವ ಗುಳಿಗೆಗೆ ಜನ ಹೆದರುತ್ತಾರೆ. ಮೆಥೊಟ್ರೆಕ್ಸೇಟ್ ಎಂದು ಮೊಬೈಲಿನಲ್ಲಿ ಹುಡುಕಿದ ತಕ್ಷಣ ‘ಕ್ಯಾನ್ಸರ್’ ಎಂಬ ಪದ ಕಾಣುತ್ತದೆ, ಮಗಳು ಬೆಂಗಳೂರಿನಿಂದ ಫೋನು ಮಾಡಿ ನಿಲ್ಲಿಸಿಬಿಡುತ್ತಾಳೆ. ಕ್ಯಾನ್ಸರಿಗೆ ಕೊಡುವ ಪ್ರಮಾಣವೇ ಬೇರೆ. ಕೀಲಿಗೆ ವಾರಕ್ಕೊಮ್ಮೆ ಕೆಲವೇ ಮಿಲಿಗ್ರಾಂ, ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತಪರೀಕ್ಷೆ. ದಿನಾ ನುಂಗಿದರೆ ಪ್ರಾಣಕ್ಕೆ ಕುತ್ತು ಎಂಬುದು ಮಾತ್ರ ನಿಜ. ಅದಕ್ಕೇ ನಮ್ಮ ಅಂಗಡಿಯಲ್ಲಿ ಆ ಸ್ಟ್ರಿಪ್ಪಿನ ಮೇಲೆ ವಾರದ ಹೆಸರನ್ನು ದಪ್ಪಕ್ಷರದಲ್ಲಿ ಬರೆಯದೆ ಕೊಡುವುದಿಲ್ಲ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಸಂಧಿವಾತದವರಲ್ಲಿ ಹೃದಯ ವೈಫಲ್ಯ ಕಡಿಮೆಯಿರುವುದು ಕಂಡುಬಂದಿದೆ. ಸಂಧಿವಾತವೇ ಇಲ್ಲದ ಹೃದ್ರೋಗಿಗಳಿಗೆ ಕೊಟ್ಟು ನೋಡಿದಾಗ ಪ್ರಯೋಜನವಾಗಲಿಲ್ಲ ಎಂದು 2019ರ ಒಂದು ದೊಡ್ಡ ಪ್ರಯೋಗ ಹೇಳಿತು. ನನಗೆ ಅದರಲ್ಲಿ ವಿರೋಧ ಕಾಣುವುದಿಲ್ಲ: ಉರಿಯುತ್ತಿರುವ ಮನೆಗೆ ತಾನೇ ನೀರು ಬೇಕಾಗುವುದು.

ಉರಿಯೂತದ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ತಿರುವಿದೆ. ಟಿಎನ್‌ಎಫ್ ಎಂಬ ಪ್ರೋಟೀನು ಕೀಲುಗಳಲ್ಲಿ ಉರಿಯೂತ ಹಬ್ಬಿಸುತ್ತದೆ. ತೀವ್ರ ಹೃದಯ ವೈಫಲ್ಯದವರ ರಕ್ತದಲ್ಲೂ ಅದು ಹೆಚ್ಚಿರುವುದು 1990ರಲ್ಲಿ ಗೊತ್ತಾಯಿತು. ಹಾಗಾದರೆ ಅದನ್ನು ತಡೆಯುವ ಇಂಜೆಕ್ಷನ್ನಿನಿಂದ ಹೃದಯವೂ ಸುಧಾರಿಸಬೇಕಲ್ಲ? ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಹೃದಯ ವೈಫಲ್ಯದವರಿಗೆ ಎಟನರ್ಸೆಪ್ಟ್ ಎಂಬ ಅಂಥ ಇಂಜೆಕ್ಷನ್ ಕೊಟ್ಟು ನಡೆಸಿದ ಎರಡು ದೊಡ್ಡ ಪ್ರಯೋಗಗಳನ್ನು ಪ್ರಯೋಜನ ಕಾಣದೆ 2001ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಹೃದಯ ವೈಫಲ್ಯದ 150 ರೋಗಿಗಳ ಮೇಲೆ ಅದೇ ಗುಂಪಿನ ಇನ್‌ಫ್ಲಿಕ್ಸಿಮ್ಯಾಬ್ ಪ್ರಯೋಗಿಸಿದಾಗ, ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಸಾವು ಮತ್ತು ಆಸ್ಪತ್ರೆ ಸೇರುವಿಕೆ ಹೆಚ್ಚೇ ಆಯಿತು. 2003ರಲ್ಲಿ ಅದು ಪ್ರಕಟವಾಯಿತು. ಆಗಿನಿಂದ, ಹೃದಯ ವೈಫಲ್ಯ ತೀವ್ರವಾಗಿರುವವರಿಗೆ ಈ ಗುಂಪಿನ ಇಂಜೆಕ್ಷನ್ ಬೇಡ ಎಂಬ ಎಚ್ಚರಿಕೆ ಜಾರಿಯಲ್ಲಿದೆ. ಆದರೆ ಹೃದಯ ಗಟ್ಟಿಯಿರುವ ಸಂಧಿವಾತದ ರೋಗಿಗಳು ಇದನ್ನು ಓದಿ ತಮ್ಮ ಇಂಜೆಕ್ಷನ್ ನಿಲ್ಲಿಸಬೇಕಾಗಿಲ್ಲ. ನಮ್ಮ ದೇಶದಲ್ಲೇ ತಯಾರಾದ, ಇದೇ ಗುಂಪಿನ ಅಡಲಿಮುಮ್ಯಾಬ್ 2014ರ ಕೊನೆಗೆ ಮಾರುಕಟ್ಟೆಗೆ ಬಂದ ಮೇಲೆ ಈ ಔಷಧಗಳು ನಮ್ಮಂಥ ಊರುಗಳನ್ನೂ ತಲುಪತೊಡಗಿವೆ. ಹಾಗಾಗಿ ಇಂಜೆಕ್ಷನ್ ಶುರು ಮಾಡುವ ಮೊದಲು ‘ಹೃದಯ ಒಮ್ಮೆ ನೋಡಿಸೋಣವೇ ಸರ್?’ ಎಂದು ಕೇಳುವ ಹೊಣೆ ರೋಗಿಯ ಮನೆಯವರ ಮೇಲೂ ಇದೆ.

ಊಟದ ವಿಷಯದಲ್ಲಿ ಉಪದೇಶ ಮಾಡಲು ನನಗೆ ನಾಲಗೆ ಏಳುವುದಿಲ್ಲ. ಮಂಡಕ್ಕಿ, ಮಿರ್ಚಿಯ ಊರಿನಲ್ಲಿ ಹುಟ್ಟಿ ಉಪ್ಪು ಬಿಡಿ ಎನ್ನುವುದು ಹೇಗೆ? ಉಪ್ಪಿಗಿಂತ ರುಚಿಯಿಲ್ಲ ಎಂದು ಹಿರಿಯರೇ ತೀರ್ಪು ಕೊಟ್ಟಿದ್ದಾರೆ. ಆದರೂ ಲೆಕ್ಕಕ್ಕೆ ಸಿಗದ ಉಪ್ಪಿನ ಬಗ್ಗೆ ಹೇಳಲೇಬೇಕು. ನೋವಿನ ಗುಳಿಗೆಯಿಂದ ಹೊಟ್ಟೆ ಉರಿಯುತ್ತದೆ, ಉರಿಗೆಂದು ನೀರಿನಲ್ಲಿ ಬುರುಬುರು ಎನ್ನುವ ಗ್ಯಾಸ್ ಪುಡಿ ಕುಡಿಯುತ್ತಾರೆ, ಅದರಲ್ಲಿರುವುದು ಸೋಡಿಯಂ. ಉಪ್ಪಿನಕಾಯಿಯನ್ನು ದೂರವಿಟ್ಟು ದಿನಕ್ಕೆ ಎರಡು ಸಲ ಈ ಪುಡಿ ಕುಡಿದವರನ್ನು ನೋಡಿದ್ದೇನೆ. ಇನ್ನೊಂದು, ‘ಕಡಿಮೆ ಸೋಡಿಯಂ’ ಎಂದು ಬರೆದ ದುಬಾರಿ ಉಪ್ಪು. ಅದರಲ್ಲಿ ಸೋಡಿಯಂ ಬದಲು ಒಂದಿಷ್ಟು ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್‌ನಂಥ ಗುಳಿಗೆಗಳು ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುತ್ತವೆ. ಎರಡೂ ಸೇರಿ ಅದು ಏರಿದರೆ ಹೃದಯದ ಬಡಿತವೇ ದಾರಿ ತಪ್ಪುತ್ತದೆ. ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ ಎನ್ನುತ್ತೇನೆ, ಅಗ್ಗವೂ ಹೌದು.

ಹೃದಯ ಗಡಸಾಗಿ ಸೋಲುವ ಬಗೆಗೆ ಬಹಳ ಕಾಲ ಒಳ್ಳೆಯ ಔಷಧವೇ ಇರಲಿಲ್ಲ. 2021ರಲ್ಲಿ ಎಂಪಾಗ್ಲಿಫ್ಲೋಜಿನ್, 2022ರಲ್ಲಿ ಡಪಾಗ್ಲಿಫ್ಲೋಜಿನ್ ಇಂಥವರನ್ನು ಆಸ್ಪತ್ರೆ ಸೇರುವುದರಿಂದ ತಪ್ಪಿಸಬಲ್ಲವೆಂದು ದೊಡ್ಡ ಪ್ರಯೋಗಗಳಲ್ಲಿ ತೋರಿತು. ಎರಡೂ ಸಕ್ಕರೆ ಕಾಯಿಲೆಗೆಂದು ಬಂದ ಗುಳಿಗೆಗಳು. ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ ಮುಗಿದದ್ದರಿಂದ ನಮ್ಮಲ್ಲಿ ಅಗ್ಗವಾಗಿಯೇ ಸಿಗುತ್ತದೆ. ಕಷ್ಟವಿರುವುದು ಬೇರೆಡೆ. ‘ನಮ್ಮ ಅವ್ವನಿಗೆ ಶುಗರ್ ಇಲ್ಲವಲ್ಲ, ಡಾಕ್ಟರು ತಪ್ಪು ಬರೆದಿದ್ದಾರೆ’ ಎಂದು ವಾಪಸು ತಂದುಕೊಡುವವರು ಬಹಳ. ಪುಣ್ಯಕ್ಕೆ ಅಂಗಡಿಗೇ ತರುತ್ತಾರೆ, ತಿಪ್ಪೆಗೆ ಎಸೆಯುವುದಿಲ್ಲ.

ಕೀಲುನೋವಿನ ಹಳೆಯ ಗಿರಾಕಿಗಳು ಬಂದರೆ ನಾನು ಈಗ ಮೆಟ್ಟಿಲಿನ ಪ್ರಶ್ನೆ ಕೇಳುವುದಿಲ್ಲ. ತಲೆಗೆ ಎಷ್ಟು ದಿಂಬು ಇಡುತ್ತೀರಿ, ಮೊದಲು ಎಷ್ಟಿತ್ತು? ನಡುರಾತ್ರಿ ಉಸಿರಿಗೆ ಎದ್ದು ಕೂರುತ್ತೀರಾ? ಬಾವು ಒಂದೇ ಕಾಲಿನಲ್ಲೋ, ಎರಡರಲ್ಲೋ? ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ಇರುತ್ತದೆಯೋ? ಕಾಯಿಲೆಯ ಕೀಲು ಬಿಸಿಯಾಗಿ ನೋಯುತ್ತದೆ; ಹೃದಯದ ಬಾವು ತಣ್ಣಗಿದ್ದು ನೋವಿಲ್ಲದೆ ಮೊಣಕಾಲಿನತ್ತ ಏರುತ್ತದೆ. ಮನೆಯಲ್ಲಿ ತೂಕದ ಯಂತ್ರವಿದ್ದರೆ ಬೆಳಿಗ್ಗೆ ನೋಡಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಊಟದಿಂದ ಬಂದದ್ದಲ್ಲ, ನೀರು, ಡಾಕ್ಟರಿಗೆ ತಿಳಿಸಿ. ಯಂತ್ರದ ಮೇಲೆ ಕೈಹಿಡಿದು ನಿಲ್ಲಿಸುವವರು ಬೇಕಾದೀತು. ಇದಕ್ಕಿಂತ ಮುಂದಕ್ಕೆ ಹೋಗಲು ನನಗೆ ಅಧಿಕಾರವಿಲ್ಲ.

ಒಂದು ಕೆಲಸ ಮಾತ್ರ ಅಧಿಕಾರವಿದ್ದರೂ ಇಲ್ಲದಿದ್ದರೂ ಮಾಡುತ್ತೇನೆ. ಮೂಳೆ ಡಾಕ್ಟರ ಚೀಟಿಯ ಹಿಂಬದಿಯಲ್ಲಿ ಹೃದಯದ ಗುಳಿಗೆಗಳ ಹೆಸರನ್ನೂ, ಹೃದಯದ ಚೀಟಿಯ ಹಿಂಬದಿಯಲ್ಲಿ ನೋವಿನ ಗುಳಿಗೆಗಳ ಹೆಸರನ್ನೂ ಬರೆದು, ಮುಂದಿನ ಸಲ ಹೋದಾಗ ತಿರುಗಿಸಿ ತೋರಿಸಿ ಎನ್ನುತ್ತೇನೆ. ಇದಕ್ಕೆ ಒಬ್ಬ ಡಾಕ್ಟರು ಫೋನು ಮಾಡಿ, ಅಂಗಡಿಯವರು ಅಂಗಡಿ ನೋಡಿಕೊಳ್ಳಿ ಎಂದು ಗದರಿದರು. ಇನ್ನೊಬ್ಬರು ಏನೂ ಹೇಳಲಿಲ್ಲ. ಅವರ ಮುಂದಿನ ಚೀಟಿಯಲ್ಲಿ ಎಟೊರಿಕಾಕ್ಸಿಬ್ ಹೋಗಿ ಪ್ಯಾರಸಿಟಮಾಲ್ ಬಂದಿತ್ತು, ಕೆಳಗೆ ‘ಎಕೋ ಮಾಡಿಸುವುದು’ ಎಂದಿತ್ತು.